ಬುದ್ಧ ವಿಷ್ಣುವಿನ ಅವತಾರ ಅಂದೆ, ಅಣ್ಣ ಮಾತು ಬಿಟ್ಟರು

ಪ್ರಶ್ನೆ: ನಾನು ಗದಗಿನವನು. ಹುಬ್ಬಳ್ಳಿಯಲ್ಲಿ ಕೆಲಸ. ಆಫೀಸಿನ ಹಿರಿಯರೊಬ್ಬರು ಬೌದ್ಧರು, ಅಣ್ಣ ಅಂತಲೇ ಕರೆಯುತ್ತೇನೆ. ತಮ್ಮ ಓಣಿಯಲ್ಲಿ ಭಾನುವಾರ ನಡೆಯುವ ಧಮ್ಮ ಚರ್ಚೆಗೆ ನನ್ನನ್ನೂ ಕರೆದರು. ಅಲ್ಲಿ ನಾನು "ಬುದ್ಧ ವಿಷ್ಣುವಿನ ಅವತಾರ ಅಲ್ವಾ?" ಅಂದೆ. ಒಬ್ಬರು ತಡೆದರು. "ಎಲ್ಲವನ್ನೂ ಪ್ರಶ್ನಿಸಿ ಅಂತ ಬುದ್ಧನೇ ಹೇಳಿದ್ದಾನೆ" ಎಂದು ವಾದಕ್ಕಿಳಿದೆ. ಈಗ ಅಣ್ಣ ಊಟಕ್ಕೆ ನನ್ನ ಜೊತೆ ಕೂರುವುದಿಲ್ಲ. ಮತ್ತೆ ಅಲ್ಲಿಗೆ ಹೋಗಲಾ, ಬಿಡಲಾ?

ಉತ್ತರ: ಹೋಗಿ. ಆದರೆ ಮೊದಲು ಅಣ್ಣನ ಹತ್ತಿರ ಹೋಗಿ.

ದಶಾವತಾರದ ಪಟ ನೋಡಿ ಬೆಳೆದವರಿಗೆ ಅದು ಗೌರವದ ಮಾತೇ. ಅಣ್ಣನಂಥ ಬೌದ್ಧರಿಗೆ ಹಾಗಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಡಾ. ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದರು. ಅಲ್ಲಿ ಸೇರಿದ್ದ ಲಕ್ಷಾಂತರ ಜನರಿಗೆ 22 ಪ್ರತಿಜ್ಞೆ ಬೋಧಿಸಿದರು. ಬುದ್ಧ ವಿಷ್ಣುವಿನ ಅವತಾರ ಎಂಬುದನ್ನು ನಂಬುವುದಿಲ್ಲ ಎನ್ನುವುದು ಅದರಲ್ಲಿ ಐದನೆಯದು. ತಮ್ಮನ್ನು ಹೊಸಿಲಾಚೆ ನಿಲ್ಲಿಸಿದ್ದ ಮನೆಯನ್ನು ಬಿಟ್ಟು ಬಂದವರು ಅವರು. "ನೀವೂ ಅದೇ ಮನೆಯವರು ಬಿಡಿ" ಅಂದಂತಾಯಿತು ನಿಮ್ಮ ಮಾತು.

ಇನ್ನು 'ಪ್ರಶ್ನಿಸಿ' ಎನ್ನುವುದು. ನಿಮ್ಮ ಮನಸ್ಸಿನಲ್ಲಿರುವುದು ಕಾಲಾಮ ಸುತ್ತ, ಅಂದರೆ ಕಾಲಾಮರೆಂಬ ಜನರಿಗೆ ಬುದ್ಧ ಕೊಟ್ಟ ಉಪದೇಶ, ಇರಬೇಕು. ಒಬ್ಬೊಬ್ಬ ಗುರು ಒಂದೊಂದು ಹೇಳುತ್ತಾನೆ, ಯಾರನ್ನು ನಂಬೋಣ ಎಂದು ಕಾಲಾಮರು ಕೇಳುತ್ತಾರೆ. ಕೇಳಿದ್ದೆಂದೋ, ಹಿಂದಿನಿಂದ ಬಂದದ್ದೆಂದೋ ಸುಮ್ನೆ ನಂಬಬೇಡಿ, ಒಳಿತೋ ಕೆಡುಕೋ ನೀವೇ ತಿಳಿದು ನಡೆಯಿರಿ ಎನ್ನುತ್ತಾನೆ ಬುದ್ಧ. ಅವತಾರದ ಮಾತನ್ನು ನೀವೂ ಕೇಳಿಯೇ ನಂಬಿದ್ದಲ್ವಾ?

ವಾದ ತಪ್ಪು ಅಂತ ನಾನು ಹೇಳುತ್ತಿಲ್ಲ. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಭಿಕ್ಷುಗಳ ವಾದ ನೋಡಿದ್ದೇನೆ. ಉತ್ತರ ಕೊಡುವವ ಕೂತಿರುತ್ತಾನೆ. ಕೇಳುವವ ಎದುರು ನಿಂತು ಎಡಗಾಲು ಅಪ್ಪಳಿಸಿ, ಬಲಗೈಯಿಂದ ಎಡಗೈಗೆ ಚಟ್ ಅಂತ ಹೊಡೆದು ಪ್ರಶ್ನೆ ಎಸೆಯುತ್ತಾನೆ. ನೋಡಿದರೆ ಜಗಳವೇ ಅನ್ನಿಸುತ್ತದೆ. ಆದರೆ 'ಒಪ್ಪಿದೆ', 'ಕಾರಣ ಸರಿಯಿಲ್ಲ', 'ಅದರಿಂದ ಇದು ಬರುವುದಿಲ್ಲ' ಎಂಬಂಥ ಕೆಲವೇ ಉತ್ತರಗಳಿಗೆ ಅಲ್ಲಿ ಅವಕಾಶ. ವರ್ಷಗಟ್ಟಲೆ ಕಲಿತು, ಇಬ್ಬರೂ ಒಪ್ಪಿಕೊಂಡು ನಡೆಸುವ ವಾದ ಅದು. ಓಣಿಯ ಚರ್ಚೆಗೆ ನಿಮ್ಮನ್ನು ಕರೆದದ್ದು ಅತಿಥಿ ಅಂತ. ನಾಲ್ಕು ವಾರ ಕೂತು ಕೇಳಿದ ಮೇಲೆ ಭಿನ್ನಾಭಿಪ್ರಾಯ ಹೇಳಿದರೆ ಅದೇ ಜನ ಕಿವಿಗೊಡುತ್ತಾರೆ.

ಬುದ್ಧ, ಧಮ್ಮ, ಸಂಘಕ್ಕೆ ಶರಣು ಎನ್ನುವ ತ್ರಿಶರಣ, ಐದು ನಡತೆಯ ನಿಯಮಗಳ ಪಂಚಶೀಲ ಹೇಳುವಾಗ ನೀವು ಹೇಳಲೇಬೇಕೆಂದಿಲ್ಲ, ಅವರ ಜೊತೆ ಸುಮ್ಮನಿದ್ದರೆ ಸಾಕು. "ಮೊದಲು ನೀವು ಏನಿದ್ರಿ?" ಅಂತ ಮಾತ್ರ ಯಾರನ್ನೂ ಕೇಳಬೇಡಿ. ಅದು ಜಾತಿ ಕೇಳಿದ ಹಾಗೆಯೇ. ಇದೊಂದರಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ.

ನಾಳೆ ಡಬ್ಬಿ ಹಿಡಿದು ಅಣ್ಣನ ಮುಂದೆ ಕೂರಿ. "ಅಣ್ಣಾ, ಅವತ್ತ ನಾ ತಿಳೀದ ಮಾತಾಡಿದೆ, ತಪ್ಪಾತು" ಅನ್ನಿ. 'ಆದರೆ ನನ್ನ ಉದ್ದೇಶ' ಅಂತ ಬಾಲ ಸೇರಿಸಬೇಡಿ. ಅವರು ತಕ್ಷಣ ಮಾತಾಡದಿದ್ದರೂ ರೊಟ್ಟಿ ಬಿಚ್ಚಿ ಊಟ ಮಾಡಿ ಏಳಿ. ಮಾತು ಶುರುವಾದ ದಿನ ನಿಮ್ಮೂರ ಪಕ್ಕದ ಡಂಬಳದ ಸುದ್ದಿ ತೆಗೆಯಿರಿ. ಅಲ್ಲಿ ಬೌದ್ಧ ವಿಹಾರ, ಬೌದ್ಧರ ದೇವತೆ ತಾರಾದೇವಿಯ ಗುಡಿ ಇದ್ದವೆಂದು 1095ರ ಶಾಸನ ಹೇಳುತ್ತದೆ. "ಒಂದ್ಸಲ ಇಬ್ರೂ ಹೋಗಿ ಬರೂಣೇನ್ರಿ?" ಅಂತ ಕೇಳಿ ನೋಡಿ.