ಡೇ ಕೇರ್‌ಗೆ ಎದೆಹಾಲು ಕಳಿಸುವ ಬಗ್ಗೆ

ಏಳು ತಿಂಗಳ ಮಗುವಿಗೆ ಪಂಪ್ ಮಾಡಿದ ಎದೆಹಾಲನ್ನು ಡೇ ಕೇರ್‌ಗೆ ಕಳಿಸಿದರೆ ಕೆಡುವುದಿಲ್ಲವೇ ಎಂದು ಕೇಳಿದ್ದೀರಿ. ಧೈರ್ಯವಾಗಿ ಕಳಿಸಿ. ಆಗ ತಾನೇ ತೆಗೆದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಆ 4 ಗಂಟೆಯನ್ನು ನಂಬಬೇಡಿ, ಐಸ್ ಪ್ಯಾಕ್ ಇಟ್ಟ ಬ್ಯಾಗಿನಲ್ಲೇ ಒಯ್ಯಿರಿ.

ಒಂದೇ ದೊಡ್ಡ ಬಾಟಲಿ ಬೇಡ. 60–90 ಮಿ.ಲೀ.ನಂತೆ ಬೇರೆ ಬೇರೆ ತುಂಬಿ, ಮಗುವಿನ ಹೆಸರು, ಹಾಲು ತೆಗೆದ ದಿನ, ವೇಳೆ ಬರೆದು ಅಂಟಿಸಿ. ಮಗು ಕುಡಿದು ಬಿಟ್ಟ ಹಾಲನ್ನು 2 ಗಂಟೆಯಾದ ಮೇಲೆ ಚೆಲ್ಲಲೇಬೇಕು. ಚಿಕ್ಕ ಬಾಟಲಿಯಾದರೆ ನಷ್ಟ ಕಡಿಮೆ.

ಹೆಚ್ಚು ಎಡವಟ್ಟಾಗುವುದು ಬಿಸಿ ಮಾಡುವಾಗ. ಮೈಕ್ರೊವೇವ್ ಬೇಡವೇ ಬೇಡ ಎಂದು ಆಯಾಗೆ ಹೇಳಿಡಿ. ಅದರಲ್ಲಿ ಹಾಲು ಅಲ್ಲಲ್ಲಿ ವಿಪರೀತ ಕಾದು ಮಗುವಿನ ಬಾಯಿ ಸುಡುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟು, ಮಣಿಕಟ್ಟಿನ ಮೇಲೆ ಹನಿ ಬಿಟ್ಟು ನೋಡಿದರೆ ಸಾಕು. ಮೇಲೆ ಕೆನೆ ತೇಲಿದ್ದು ಕಂಡು ಕೆಟ್ಟಿತೆಂದು ಎಸೆದುಬಿಡುವವರೂ ಇದ್ದಾರೆ. ಬಾಟಲಿಯನ್ನು ಮೆಲ್ಲಗೆ ತಿರುಗಿಸಿದರೆ ಅದು ಬೆರೆಯುತ್ತದೆ, ಮೊದಲ ದಿನವೇ ತೋರಿಸಿಕೊಡಿ.

ಅಂದಹಾಗೆ, ನಿಮ್ಮ ಕಚೇರಿಯಲ್ಲಿ 50 ಅಥವಾ ಹೆಚ್ಚು ನೌಕರರಿದ್ದರೆ ಶಿಶುಪಾಲನಾ ಕೇಂದ್ರ ಒದಗಿಸಬೇಕೆಂಬ ನಿಯಮ 2017ರಲ್ಲೇ ಬಂದಿದೆ. ದಿನಕ್ಕೆ 4 ಸಲ ಮಗುವಿನ ಬಳಿ ಹೋಗಲೂ ಬಿಡಬೇಕು. ಎಚ್‌ಆರ್‌ಗೆ ಇಮೇಲ್‌ನಲ್ಲೇ ಕೇಳಿ.