ಪುಟ್ಟ ಗಾಡಿಗೆ ಮನಸ್ಸು ಸೋತವರ ಪ್ರಶ್ನೆಗಳು

ಕಳೆದ ಬಾರಿ ರಥಬೀದಿಯ ಪಾರ್ಕಿಂಗ್ ಬಗ್ಗೆ ಬರೆಯುವಾಗ ಸಣ್ಣ ಗಾಡಿಗಳ ಬಗ್ಗೆಯೂ ಒಂದು ಮಾತು ಬಂದಿತ್ತು. ಅದನ್ನೇ ಹಿಡಿದು ಮಂಗಳೂರು, ಉಡುಪಿ ಕಡೆಯಿಂದ ತುಂಬ ಜನ ಬರೆದಿದ್ದೀರಿ. ಒಂದೇ ತರದ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ.

ಬಿಜೈಯಿಂದ ನಿವೃತ್ತ ಓದುಗರೊಬ್ಬರು: ಮನೆಯಲ್ಲಿ ಈಗ ನಾವಿಬ್ಬರೇ. ಇದ್ದ ಕಾರನ್ನು ಮಗ ಬೆಂಗಳೂರಿಗೆ ತೆಗೆದುಕೊಂಡು ಹೋದ. ನಮಗೆ ಬೇಕಾದದ್ದು ಕದ್ರಿ ದೇವಸ್ಥಾನ, ಮಾರ್ಕೆಟ್, ಆಸ್ಪತ್ರೆ, ಕುಲಶೇಖರದ ಮಗಳ ಮನೆ, ಇಷ್ಟೇ. 2011ರ ನ್ಯಾನೊ ಒಂದು ಮಾರಾಟಕ್ಕೆ ಉಂಟು. ಮಗ ಫೋನಿನಲ್ಲೇ ನಗುತ್ತಾನೆ. ನನಗೆ ಮಾತ್ರ ಆ ಗಾಡಿ ಕಂಡರೆ ಯಾಕೋ ಖುಷಿ. ತೆಗೆದುಕೊಳ್ಳಬಹುದಾ?

ಮೊದಲು ಆ ಖುಷಿಯ ಬಗ್ಗೆ ಹೇಳ್ತೇನೆ, ಯಾಕೆಂದರೆ ಅದನ್ನು ನಕ್ಕು ಬದಿಗೆ ಸರಿಸುವುದು ನನಗೆ ಸರಿ ಕಾಣುವುದಿಲ್ಲ. ಮಂಗಳೂರಿನ ಹಳೇ ದಾರಿಗಳು ಕಾರಿಗಾಗಿ ಆದವಲ್ಲ. ಬಂದರಿನ ಓಣಿಗಳು, ಭವಂತಿ ರಸ್ತೆಯ ಸುತ್ತಿನ ಗಲ್ಲಿಗಳು, ಗುಡ್ಡೆ ಹತ್ತಿ ಇಳಿಯುವ ಬಿಜೈ, ಕದ್ರಿಯ ಒಳರಸ್ತೆಗಳು, ಎರಡೂ ಬದಿಯಲ್ಲಿ ಕೆಂಪುಕಲ್ಲಿನ ಕಾಂಪೌಂಡು. ಈಗ ಜನ ಮುಗಿಬಿದ್ದು ಕೊಳ್ಳುವ ಎಸ್‌ಯುವಿಗಳ ಅಗಲ ಹೆಚ್ಚುಕಡಿಮೆ 1.8 ಮೀಟರ್. ಅಂಥ ಎರಡು ಗಾಡಿ ಇಂಥ ದಾರಿಯಲ್ಲಿ ಎದುರುಬದುರಾದರೆ ಒಬ್ಬರು ರಿವರ್ಸ್ ಹೋಗಲೇಬೇಕು. ನ್ಯಾನೊ ಅಗಲ ಸುಮಾರು ಒಂದೂವರೆ ಮೀಟರ್, ಉದ್ದ 3.1 ಮೀಟರ್. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ 4 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ. ಕಾಗದದ ಮೇಲೆ ಒಂದಡಿಯ ವ್ಯತ್ಯಾಸ ಏನೂ ಅಲ್ಲ. ಗೋಡೆಯ ಪಕ್ಕದಲ್ಲಿ ಅದೇ ಒಂದಡಿಯಲ್ಲಿ ಎದುರಿನವರು ದಾಟಿಕೊಂಡು ಹೋಗುತ್ತಾರೆ, ನೀವೂ ಹೋಗುತ್ತೀರಿ, ಯಾರಿಗೂ ಸಿಟ್ಟು ಬರುವುದಿಲ್ಲ. ನಿಮ್ಮ ಕೆಲಸದ ಅಳತೆ, ರಸ್ತೆಯ ಅಳತೆ, ಗಾಡಿಯ ಅಳತೆ ಮೂರೂ ಒಂದಕ್ಕೊಂದು ಹೊಂದಿದಾಗ ಆಗುವ ನೆಮ್ಮದಿ ಉಂಟಲ್ಲ, ನಿಮಗೆ ಕಾಣುವ ಖುಷಿ ಅದೇ ಅಂತ ನನ್ನ ನಂಬಿಕೆ.

ಮತ್ತೊಂದು ವಿಷಯ. ಸಣ್ಣ ವಿಚಿತ್ರ ಗಾಡಿಯನ್ನು ಕಂಡರೆ ಜನರಿಗೆ ಹೆದರಿಕೆ ಆಗುವುದಿಲ್ಲ. ಸಿಗ್ನಲಿನಲ್ಲಿ ರಿಕ್ಷಾದವರು ತಲೆ ಹೊರಗೆ ಹಾಕಿ "ಎಷ್ಟು ಮೈಲೇಜ್ ಮಾರಾಯ್ರೆ?" ಅಂತ ಕೇಳುತ್ತಾರೆ, ಮಕ್ಕಳು ಕೈ ಬೀಸುತ್ತಾರೆ. ದೊಡ್ಡ ಕಾರಿನ ಕಪ್ಪು ಗಾಜಿನ ಹಿಂದೆ ಕೂತವರನ್ನು ಯಾರು ಮಾತಾಡಿಸುತ್ತಾರೆ ಹೇಳಿ.

ಇನ್ನು ಗಾಡಿಯ ವಿಚಾರ. 2008ರಲ್ಲಿ ತೋರಿಸಿ 2009ರಲ್ಲಿ ಮಾರಾಟಕ್ಕೆ ಬಿಟ್ಟ ಕಾರು ಇದು. 624 ಸಿಸಿಯ ಎರಡು ಸಿಲಿಂಡರ್ ಎಂಜಿನ್ ಹಿಂದುಗಡೆ ಉಂಟು, ಓಡಿಸುವುದೂ ಹಿಂದಿನ ಚಕ್ರಗಳನ್ನೇ. ಏರು ಹತ್ತುವಾಗ ಭಾರ ಹಿಂದಕ್ಕೆ ಬೀಳುತ್ತದೆ, ಹಾಗಾಗಿ ಒದ್ದೆ ಕಾಂಕ್ರೀಟಿನ ಮೇಲೂ ಟಯರ್ ಹಿಡಿತ ಬಿಡುವುದು ಕಡಿಮೆ. ಕದ್ರಿ ಏರಿಗೆ ಅದು ಒಳ್ಳೇದೇ. ಆದರೆ ಎಂಜಿನ್ ಸಣ್ಣದು. ನಾಲ್ಕು ಜನ ಕೂತು ಎ.ಸಿ. ಹಾಕಿದರೆ ಗೇರ್ ಇಳಿಸಿಯೇ ಹತ್ತಬೇಕು. 2011ರ ಗಾಡಿಯಲ್ಲಿ ಹಿಂದುಗಡೆಯ ಡಿಕ್ಕಿ ಬಾಗಿಲು ತೆರೆಯುವುದಿಲ್ಲ. ಸಾಮಾನು ಇಡಲು ಹಿಂದಿನ ಸೀಟು ಮಡಚಬೇಕು. ಮಾರ್ಕೆಟಿನಿಂದ ತೆಂಗಿನಕಾಯಿ ಚೀಲ ತರುವವರು ಇದನ್ನು ಮೊದಲೇ ತಿಳಿದಿರಲಿ.

ಈಗ ಕಷ್ಟದ ಮಾತು. ನ್ಯಾನೊ ತಯಾರಿ 2018ರಲ್ಲೇ ನಿಂತಿದೆ. ದುಡ್ಡು ಕೊಡುವ ಮೊದಲು ನಿಮ್ಮ ಮೆಕ್ಯಾನಿಕ್ ಹತ್ತಿರ "ಕ್ಲಚ್ ಕೇಬಲ್, ರೇಡಿಯೇಟರ್ ಹೋಸ್, ಬ್ರೇಕ್ ಸಾಮಾನು ಎಲ್ಲಿ ಸಿಗುತ್ತದೆ, ಎಷ್ಟು ದಿನಕ್ಕೆ?" ಅಂತ ಕೇಳಿ. ಅವರು ತಡವರಿಸಿದರೆ ಬಿಟ್ಟುಬಿಡಿ. ಎರಡನೆಯದು ತುಕ್ಕು. ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಿ ಇಷ್ಟು ವರ್ಷ ನಿಂತ ಗಾಡಿ ಇದು. ಮ್ಯಾಟ್ ಎತ್ತಿ ನೆಲ ನೋಡಿ, ಬಾಗಿಲಿನ ಕೆಳಅಂಚಿಗೆ ಬೆರಳು ಹಾಯಿಸಿ, ಜ್ಯಾಕ್ ಕೊಟ್ಟು ಅಡಿಭಾಗ ನೋಡಿ. ಹೊಸ ಪೇಂಟ್ ಹೊಡೆದಿದ್ದರೆ ಅನುಮಾನ ಜಾಸ್ತಿ ಮಾಡಿ. ಮೂರನೆಯದು ಆರ್.ಸಿ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮಾತ್ರ. 2011ರ ಗಾಡಿಗೆ ಅದು 2026ರಲ್ಲೇ ಮುಗಿಯುತ್ತದೆ. ಆಮೇಲೆ ಫಿಟ್ನೆಸ್ ಪರೀಕ್ಷೆ ಆಗಿ ಐದು ವರ್ಷಕ್ಕೆ ನವೀಕರಿಸಬೇಕು. ಆ ಖರ್ಚು ಯಾರದು ಅಂತ ವ್ಯಾಪಾರದ ಮೊದಲೇ ಮಾತಾಡಿಕೊಳ್ಳಿ.

ಮಗನ ಆತಂಕಕ್ಕೆ ಕಾರಣ ಇಲ್ಲ ಅಂತಲ್ಲ. 2014ರಲ್ಲಿ ಕಾರುಗಳ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಗುದ್ದಿಸಿ ಪರೀಕ್ಷೆ ಮಾಡಿದಾಗ ನ್ಯಾನೊಗೆ ಸೊನ್ನೆ ಸ್ಟಾರ್ ಬಂತು. ಆಗ ಪರೀಕ್ಷೆಗೆ ಇಟ್ಟ ಬೇರೆ ಹೆಸರುವಾಸಿ ಸಣ್ಣ ಕಾರುಗಳಿಗೂ ಸೊನ್ನೆಯೇ ಬಂದಿತ್ತು, ಆದರೆ ಅದರಿಂದ ನಿಮ್ಮ ಗಾಡಿ ಗಟ್ಟಿಯಾಗುವುದಿಲ್ಲ. ಆದ್ದರಿಂದ ನನ್ನ ಉತ್ತರ ಹೀಗೆ: ಕುಲಶೇಖರ, ಕದ್ರಿ, ಮಾರ್ಕೆಟ್ ಇಷ್ಟಕ್ಕೇ ಆದರೆ, ತುಕ್ಕಿಲ್ಲದ ಗಾಡಿ ಸಿಕ್ಕರೆ, ಧೈರ್ಯವಾಗಿ ತೆಗೆದುಕೊಳ್ಳಿ. 66ನೇ ಹೆದ್ದಾರಿಯಲ್ಲಿ ಕುಂದಾಪುರಕ್ಕೆ ಹೋಗಬೇಕಾದ ದಿನ ಬಸ್ಸಿಗೆ ಹೋಗಿ.

ಇಂದ್ರಾಳಿಯಿಂದ ಓದುಗರೊಬ್ಬರು: ಅಮ್ಮನಿಗೆ ಒಂದು ಕಾಲಿಗೆ ಬಲ ಕಡಿಮೆ. ಆದರೂ ತಾನೇ ಓಡಾಡಬೇಕು ಎನ್ನುವ ಹಟ. ಸ್ಕೂಟರಿಗೆ ಎರಡೂ ಪಕ್ಕ ಚಕ್ರ ಹಾಕಿಸೋಣವಾ, ಅಥವಾ ಲೈಸೆನ್ಸ್ ಬೇಡದ ಸಣ್ಣ ಎಲೆಕ್ಟ್ರಿಕ್ ಸ್ಕೂಟರ್ ಕೊಡಿಸೋಣವಾ? ಹೆಚ್ಚಾಗಿ ಮಣಿಪಾಲಕ್ಕೆ ಹೋಗುವುದು.

ಅಮ್ಮನ ಹಟ ಒಳ್ಳೇ ಹಟ. ಅದಕ್ಕೆ ನೀವು ಜೊತೆ ನಿಂತದ್ದು ನನಗೆ ತುಂಬ ಸಂತೋಷ ಆಯಿತು.

ಎಲೆಕ್ಟ್ರಿಕ್ ಮೊದಲು ನೋಡೋಣ. ಮೋಟಾರಿನ ಶಕ್ತಿ 250 ವಾಟ್ ಮೀರದ, ವೇಗ ಗಂಟೆಗೆ 25 ಕಿ.ಮೀ. ದಾಟದ ಸ್ಕೂಟರುಗಳು ನಿಯಮದ ಪ್ರಕಾರ ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ. ನೋಂದಣಿ ಬೇಡ, ಲೈಸೆನ್ಸ್ ಬೇಡ. ಕೇಳಲಿಕ್ಕೆ ಚಂದ. ಆದರೆ ಇಂದ್ರಾಳಿಯಿಂದ ಮಣಿಪಾಲ ಅಂದರೆ ಏರು ಅಲ್ವಾ? ಒಂದು ಲೆಕ್ಕ ಮಾಡಿ. ಗಾಡಿ, ಅಮ್ಮ, ಚೀಲ ಸೇರಿ 150 ಕೆ.ಜಿ. ಅಂತಿಟ್ಟುಕೊಳ್ಳಿ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ಜಾಗದಲ್ಲಿ ಅಷ್ಟು ಭಾರವನ್ನು 250 ವಾಟ್ ಎಳೆದುಕೊಂಡು ಹೋಗುವುದು ಗಂಟೆಗೆ ಸುಮಾರು 6 ಕಿ.ಮೀ. ವೇಗದಲ್ಲಿ. ಅಂದರೆ ಬೇಗ ನಡೆಯುವವರ ವೇಗ. ಮೋಟಾರು ಸ್ವಲ್ಪ ಹೊತ್ತು ಅದಕ್ಕಿಂತ ಜಾಸ್ತಿ ಎಳೆಯಬಹುದು, ಆದರೆ ಬಿಸಿಯಾಗುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಹಿಂದಿನಿಂದ ಬಸ್ಸು ಹಾರ್ನ್ ಹಾಕುತ್ತಾ ಬರುವಾಗ ಆ ವೇಗ ಸಾಲದು. ಸಮತಟ್ಟಾದ ಮಲ್ಪೆ, ಕಡೆಕಾರು ಕಡೆಯ ಒಳದಾರಿಗೆ ಆದರೆ ಖಂಡಿತ ಹೂಂ ಅನ್ನುತ್ತಿದ್ದೆ. ನಿಮ್ಮ ದಾರಿಗೆ ಬೇಡ.

ಪಕ್ಕದ ಚಕ್ರ ಹಾಕಿದ, ಏರು ಹತ್ತುವ ಶಕ್ತಿ ಇರುವ ಸ್ಕೂಟರೇ ಸರಿ. ಗಾಡಿಯ ರೂಪ ಬದಲಿಸುವುದಕ್ಕೆ ಕಾನೂನಿನಲ್ಲಿ ತಡೆ ಉಂಟು, ನಿಜ. ಆದರೆ ಅಂಗವೈಕಲ್ಯ ಇರುವವರಿಗಾಗಿ ಬದಲಿಸುವುದಕ್ಕೆ ಅವಕಾಶವನ್ನೂ ಅದೇ ಕಾನೂನು ಕೊಟ್ಟಿದೆ, 2019ರ ತಿದ್ದುಪಡಿಯಲ್ಲಿ ಅದು ಇನ್ನೂ ಸ್ಪಷ್ಟವಾಗಿದೆ. ಸುಮ್ನೆ ಗ್ಯಾರೇಜಿಗೆ ಹೋಗಿ ಹಾಕಿಸಬೇಡಿ. ಮೊದಲು ಆರ್‌ಟಿಒದಲ್ಲಿ ಕೇಳಿ, ಆರ್.ಸಿ.ಯಲ್ಲಿ ಬರೆಸಿ, ಅಮ್ಮನ ಲೈಸೆನ್ಸಿನಲ್ಲೂ ಆ ಬಗೆಯ ಗಾಡಿ ಸೇರಿಸಿ. ವಿಮಾ ಕಂಪನಿಗೆ ಬರಹದಲ್ಲೇ ತಿಳಿಸಿ. ಇದನ್ನು ಬಿಟ್ಟವರಿಗೆ ಅಪಘಾತ ಆದಾಗ ಕ್ಲೈಮಿಗೆ ಪರದಾಟ.

ಓಡಿಸುವಾಗ ಎರಡು ವಿಷಯ ಬೇರೆ ಆಗುತ್ತದೆ. ಸ್ಕೂಟರ್ ತಿರುವಿನಲ್ಲಿ ವಾಲುತ್ತದೆ, ಪಕ್ಕದ ಚಕ್ರ ಹಾಕಿದ ಮೇಲೆ ವಾಲುವುದಿಲ್ಲ. ಹ್ಯಾಂಡಲ್ ತಿರುಗಿಸಿಯೇ ಹೋಗಬೇಕು, ಹಾಗಾಗಿ ತಿರುವಿನ ಮೊದಲೇ ವೇಗ ಇಳಿಸುವುದು ಅಭ್ಯಾಸ ಆಗಬೇಕು. ಮತ್ತೆ ನಮ್ಮ ಕಾಂಕ್ರೀಟ್ ರಸ್ತೆಗಳ ಅಂಚು. ಎಷ್ಟೋ ಕಡೆ ಕಾಂಕ್ರೀಟ್ ಮುಗಿದಲ್ಲಿ ಅರ್ಧ ಅಡಿ ಕೆಳಗೆ ಮಣ್ಣು. ಎಡಗಡೆಯ ಚಕ್ರ ಅಲ್ಲಿ ಇಳಿದರೆ ಗಾಡಿ ಒಂದೇ ಸಲ ಪಕ್ಕಕ್ಕೆ ಎಳೆಯುತ್ತದೆ. ಯಾರು ಎಷ್ಟೇ ಹಾರ್ನ್ ಹಾಕಲಿ, ಅಂಚಿಗೆ ಸರಿಯಬೇಡಿ ಅಂತ ಅಮ್ಮನಿಗೆ ಹೇಳಿ. ಶುರುವಿಗೆ ಖಾಲಿ ಮೈದಾನದಲ್ಲಿ ಓಡಿಸಲಿ. ಹೆಲ್ಮೆಟ್ ತಪ್ಪಿಸಬಾರದು.

ಸುರತ್ಕಲ್ಲಿನಿಂದ ವಿದ್ಯಾರ್ಥಿ: ಮುಂದಿನಿಂದ ಬಾಗಿಲು ತೆರೆಯುವ ಕಾರು, ಮೂರು ಚಕ್ರದ ಕಾರು, ಇಂಥದೆಲ್ಲ ಯಾಕೆ ಹುಟ್ಟಿತು? ನಮ್ಮಲ್ಲಿ ಇಂಥ ಗಾಡಿ ಬರಲೇ ಇಲ್ವಾ?

ನೀವು ಹೇಳುವ ಮುಂಬಾಗಿಲಿನ ಕಾರು ಇಸೆಟ್ಟಾ. 1953ರಲ್ಲಿ ಇಟಲಿಯ ಇಸೊ ಕಂಪನಿ ಮಾಡಿತು. 1955ರಿಂದ ಅದನ್ನೇ ಬಿಎಂಡಬ್ಲ್ಯು ಜರ್ಮನಿಯಲ್ಲಿ ತಯಾರಿಸಿ 1.6 ಲಕ್ಷಕ್ಕೂ ಹೆಚ್ಚು ಗಾಡಿ ಮಾಡಿತು. ಯುದ್ಧ ಮುಗಿದು ಜನರ ಕೈಯಲ್ಲಿ ದುಡ್ಡಿಲ್ಲ, ಮಳೆಗೆ ಚಳಿಗೆ ಮರೆ ಬೇಕು, ಮೋಟಾರ್ ಸೈಕಲ್ ಸಾಲದು. 1956ರಲ್ಲಿ ಸೂಯೆಜ್ ಕಾಲುವೆ ಬಿಕ್ಕಟ್ಟಿನಿಂದ ಪೆಟ್ರೋಲಿಗೂ ಬರ ಬಂತು. ವಿಮಾನ ಮಾಡುತ್ತಿದ್ದ ಮೆಸ್ಸರ್‌ಸ್ಮಿಟ್ ಕಂಪನಿಗೆ ಯುದ್ಧದ ನಂತರ ವಿಮಾನ ಮಾಡಬಾರದು ಅಂತ ನಿಷೇಧ ಬಿದ್ದಾಗ ಅವರೂ ಮೂರು ಚಕ್ರದ ಪುಟ್ಟ ಗಾಡಿ ಮಾಡಿದರು, ಒಬ್ಬರ ಹಿಂದೆ ಒಬ್ಬರು ಕೂರುವಂಥದ್ದು. ಇಂಗ್ಲೆಂಡಿನಲ್ಲಿ ಮೂರು ಚಕ್ರದ ಗಾಡಿಯನ್ನು ಮೋಟಾರ್ ಸೈಕಲ್ ಲೈಸೆನ್ಸಿನಲ್ಲೇ ಓಡಿಸಬಹುದಿತ್ತು, ಹಾಗಾಗಿ ಇಸೆಟ್ಟಾಕ್ಕೂ ಅಲ್ಲಿ ಒಂದು ಚಕ್ರ ಕಡಿಮೆಯಾಯಿತು. 1962ರ ಪೀಲ್ ಪಿ50 ಅಂತೂ 1.37 ಮೀಟರ್ ಉದ್ದ, 49 ಸಿಸಿ, ಒಬ್ಬರಿಗೆ ಮಾತ್ರ. ರಿವರ್ಸ್ ಗೇರೇ ಇಲ್ಲ. ಹಿಂದೆ ಒಂದು ಹಿಡಿ ಇತ್ತು, ಇಳಿದು ಕೈಯಲ್ಲೇ ಎಳೆದು ತಿರುಗಿಸುವುದು! ಜಪಾನಿನ ಕೆಯ್ ಕಾರುಗಳದ್ದೂ, ಅಂದರೆ ಸರಕಾರದ ನಿಯಮ ಅಳತೆ ಕಟ್ಟಿಕೊಟ್ಟ ಪುಟ್ಟ ಕಾರುಗಳದ್ದೂ, ಇದೇ ಕತೆ. 1949ರಲ್ಲಿ ಶುರುವಾದ ಆ ನಿಯಮದ ಈಗಿನ ಮಿತಿ 660 ಸಿಸಿ, 3.4 ಮೀಟರ್ ಉದ್ದ, 1.48 ಮೀಟರ್ ಅಗಲ. ಆ ಮಿತಿಯೊಳಗೆ ಅವರು ಮಾಡದ ಆಕಾರ ಇಲ್ಲ. ಅಂದರೆ ವಿಚಿತ್ರ ಆಕಾರ ಯಾರದೋ ಹುಚ್ಚಿನಿಂದ ಬಂದದ್ದಲ್ಲ, ಅಭಾವ ಮತ್ತು ಕಾನೂನು ಎರಡೂ ಸೇರಿ ಮಾಡಿಸಿದ್ದು.

ನಮ್ಮಲ್ಲಿ ಬಂದಿಲ್ಲ ಅನ್ನಬೇಡಿ, ನಮ್ಮ ರಾಜ್ಯದಲ್ಲೇ ಬಂದಿವೆ. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ಬಾದಲ್ ಅಂತ ಮೂರು ಚಕ್ರದ ಫೈಬರ್ ಬಾಡಿಯ ಕಾರು ತಯಾರಾಗುತ್ತಿತ್ತು. 2001ರಲ್ಲಿ ಅದೇ ಬೆಂಗಳೂರಿನಿಂದ ರೇವಾ ಎಲೆಕ್ಟ್ರಿಕ್ ಕಾರು ಬಂತು, ಇಡೀ ದೇಶ ಎಲೆಕ್ಟ್ರಿಕ್ ಅನ್ನುವ ಮೊದಲೇ. ಅದೇ ರೇವಾ ಜಿ-ವಿಜ್ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲಿ ಓಡಾಡಿತು, ನಗರದೊಳಗಿನ ದಟ್ಟಣೆ ಶುಲ್ಕ ಅದಕ್ಕೆ ಇರಲಿಲ್ಲ. ಅಲ್ಲಿನವರು ಮೆಚ್ಚಿದ್ದನ್ನು ಇಲ್ಲಿ ನಾವು ಆಟಿಕೆ ಅಂದೆವು. ನನಗೆ ಇದು ಈಗಲೂ ಬೇಸರದ ಸಂಗತಿ. ಆಮೇಲೆ 2018ರಲ್ಲಿ ಕ್ವಾಡ್ರಿಸೈಕಲ್ (ನಾಲ್ಕು ಚಕ್ರದ ಹಗುರ ಗಾಡಿ) ಎಂಬ ಹೊಸ ವರ್ಗಕ್ಕೆ ಸರಕಾರ ಒಪ್ಪಿಗೆ ಕೊಟ್ಟಿತು, ಬಜಾಜ್ ಕ್ಯೂಟ್ ಬಂದದ್ದು ಹಾಗೆ: 216 ಸಿಸಿ, ಗಂಟೆಗೆ 70 ಕಿ.ಮೀ. ಮಿತಿ, ತಿರುಗಲು 3.5 ಮೀಟರ್ ತ್ರಿಜ್ಯ ಸಾಕು. ಈಗ ಹೊಸದಾಗಿ ಬೇಕೆಂದರೆ 2023ರಲ್ಲಿ ಬಂದ ಎಂಜಿ ಕಾಮೆಟ್ ಉಂಟು. ಉದ್ದ ಮೂರು ಮೀಟರಿಗಿಂತ ಚೂರು ಕಡಿಮೆ, ನಾಲ್ಕು ಸೀಟು, 17.3 ಯೂನಿಟ್ ಹಿಡಿಯುವ ಬ್ಯಾಟರಿ.

ಕಿನ್ನಿಗೋಳಿಯಿಂದ ಕೃಷಿಕರು: ಮೀನು ಮಾರುವವರು ಪೋಂ ಪೋಂ ಹಾರ್ನ್ ಹಾಕಿಕೊಂಡು ಟಿವಿಎಸ್ ಎಕ್ಸ್‌ಎಲ್‌ನಲ್ಲೇ ಬರುತ್ತಾರೆ. ತೋಟದಿಂದ ತೆಂಗಿನಕಾಯಿ, ಹಿಂಡಿ ಚೀಲ ತರಲು ನನಗೂ ಅದು ಆಗಬಹುದಾ?

ಧಾರಾಳ ಆಗುತ್ತದೆ. ಕಾಲಿಡುವ ಜಾಗ ಚಪ್ಪಟೆ, ಚೀಲ ಅಲ್ಲೇ ನಿಲ್ಲುತ್ತದೆ. ಹಿಂದಿನ ಸೀಟು ಬಿಚ್ಚಿದರೆ ಮೀನಿನ ಐಸ್ ಪೆಟ್ಟಿಗೆಯೇ ಕೂರುತ್ತದೆ. ಚಕ್ರ 16 ಇಂಚು, ಹಾಗಾಗಿ ನೀರು ತುಂಬಿದ ಗುಂಡಿಗೆ ಸ್ಕೂಟರಿನ ಸಣ್ಣ ಚಕ್ರದಷ್ಟು ಧಸಕ್ಕನೆ ಬೀಳುವುದಿಲ್ಲ. ಗೇರಿನ ತಲೆಬಿಸಿ ಇಲ್ಲ, ಎಂಜಿನ್ 100 ಸಿಸಿಗೆ ಚೂರು ಕಡಿಮೆ, ಕೆಸರಿನಲ್ಲಿ ಹೂತರೆ ಇಬ್ಬರು ಹಿಡಿದು ಎಳೆದರೂ ಬರುತ್ತದೆ. ಭಾರ ಹಾಕುವಾಗ ಹಿಂದೆಯೇ ಎಲ್ಲ ಪೇರಿಸಬೇಡಿ, ಮುಂದಿನ ಚಕ್ರ ಹಗುರ ಆದರೆ ಇಳಿಜಾರಿನಲ್ಲಿ ಹ್ಯಾಂಡಲ್ ಮಾತು ಕೇಳುವುದಿಲ್ಲ.

ಪಡುಬಿದ್ರಿಯಿಂದ: ಸಣ್ಣ ಗಾಡಿಯಲ್ಲಿ ಹೋಗುವಾಗ ಸರ್ವಿಸ್ ಬಸ್ಸು ಹಿಂದಿನಿಂದ ಬಂದರೆ ಜೀವ ಬಾಯಿಗೆ ಬರುತ್ತದೆ. ಏನು ಮಾಡಬೇಕು?

ಎಡದ ಅಂಚಿಗೆ ಅಂಟಿಕೊಂಡು ಹೋದರೆ ಬಸ್ಸಿನವರು ಅದೇ ಲೇನಿನಲ್ಲಿ ನುಗ್ಗುತ್ತಾರೆ. ಲೇನಿನ ನಡುವೆ ಹೋಗಿ, ಸರಿಯಾದ ಜಾಗ ಸಿಕ್ಕಿದಾಗ ನೀವೇ ಸಿಗ್ನಲ್ ಹಾಕಿ ಬಿಟ್ಟುಕೊಡಿ. ಮಳೆಗಾಲದಲ್ಲಿ ಹಗಲೂ ಲೈಟ್ ಹಾಕಿ. ಬಸ್ಸಿನ ಎಡಬದಿಯಲ್ಲಿ, ಮುಂಬಾಗಿಲಿನ ಹತ್ತಿರ ನಿಲ್ಲಲೇಬೇಡಿ, ಡ್ರೈವರಿಗೆ ಅಲ್ಲಿ ಕಾಣುವುದಿಲ್ಲ. ಹೆದ್ದಾರಿಯಲ್ಲಿ ಸರ್ವಿಸ್ ರೋಡ್ ಇದ್ದಷ್ಟು ದೂರ ಅದರಲ್ಲೇ ಹೋಗಿ, ಹತ್ತು ನಿಮಿಷ ತಡವಾದರೆ ಆಗಲಿ.

ಹೆಬ್ರಿಯಿಂದ: ನಮ್ಮ ನ್ಯಾನೊದಲ್ಲಿ ಆಗುಂಬೆ ಘಾಟಿ ಹತ್ತಬಹುದಾ?

ಹತ್ತಬಹುದು. 14 ಹೇರ್‌ಪಿನ್ ತಿರುವಿನ ಆ ಘಾಟಿಯಲ್ಲಿ ದಿನಾ ಓಡುವುದು ಮಿನಿ ಬಸ್ಸುಗಳೇ, ಅಲ್ಲಿ ಸಣ್ಣ ಗಾಡಿಗೇ ಅನುಕೂಲ ಜಾಸ್ತಿ. ಇಬ್ಬರೇ ಹೋಗಿ. ಎಂಜಿನ್ ಹಿಂದೆ ಇರುವುದರಿಂದ ಬಿಸಿಯಾದರೂ ಕೂಡಲೇ ಗೊತ್ತಾಗುವುದಿಲ್ಲ. ಹೊರಡುವ ಮೊದಲು ಕೂಲೆಂಟ್ (ಎಂಜಿನ್ ತಣಿಸುವ ದ್ರವ) ನೋಡಿ, ಹತ್ತುವಾಗ ಎ.ಸಿ. ನಿಲ್ಲಿಸಿ. ಪ್ರತಿ ತಿರುವಿಗೂ ಹಾರ್ನ್ ಹಾಕಿ, ಹತ್ತುವವರಿಗೆ ಮೊದಲ ದಾರಿ ಅನ್ನುವುದು ಘಾಟಿಯ ನಿಯಮ. ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕಬೇಡಿ. ಎರಡನೇ ಗೇರಿನಲ್ಲೇ ಬಿಡಿ, ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿಯುವ ಬದಲು ಆಗಾಗ ಒತ್ತಿ ಬಿಡಿ. ಸುಟ್ಟ ವಾಸನೆ ಬಂದರೆ ಸೋಮೇಶ್ವರ ತಲುಪುವವರೆಗೆ ಕಾಯಬೇಡಿ, ಜಾಗ ಇದ್ದಲ್ಲಿ ನಿಲ್ಲಿಸಿ, ಬ್ರೇಕ್ ತಣಿದ ಮೇಲೆ ಹೊರಡಿ.