ಲ್ಯಾಬ್ ಇಲ್ಲದ ಶಾಲೇಲಿ ಎನರ್ಜಿ, ಹವಾಮಾನದ ಪ್ರಯೋಗ ಏನೇನು ಮಾಡಿಸ್ಬಹುದು?

ಮೇಡಂ, ಎಂಟನೇ ಕ್ಲಾಸಿಗೆ ಕರೆಂಟು, ಹವಾಮಾನ ಬದಲಾವಣೆ ಬಗ್ಗೆ ಮಕ್ಕಳ ಕೈಯಲ್ಲೇ ಏನಾದ್ರೂ ಮಾಡಿಸ್ಬೇಕು, ಲ್ಯಾಬೂ ಇಲ್ಲ ದುಡ್ಡೂ ಇಲ್ಲ ಅಂತ ಕೇಳಿದ್ದೀರಿ. ನಾನೂ ಹಳ್ಳಿ ಹೈಸ್ಕೂಲಲ್ಲಿ ಸೈನ್ಸ್ ಮೇಷ್ಟ್ರು, ನಮ್ಮಲ್ಲೂ ಇದೇ ಪರಿಸ್ಥಿತಿ. ಚಾರ್ಟು, ಥರ್ಮಾಕೋಲ್ ಮಾಡೆಲ್ ಎಲ್ಲ ಬಿಟ್ಟು ಗೋಡೆ ಮೇಲಿರೋ ಮೀಟರಿಂದ ಶುರು ಮಾಡಿ.

ಎಲೆಕ್ಟ್ರಾನಿಕ್ ಮೀಟರಲ್ಲಿ ಒಂದು ಸಣ್ಣ ಕೆಂಪು ಲೈಟು ಮಿನುಗ್ತಾ ಇರುತ್ತೆ, ಪಕ್ಕದಲ್ಲಿ 3200 ಅಂತ ಇರುತ್ತೆ (ಕೆಲವು ಮೀಟರಲ್ಲಿ ಬೇರೆ ನಂಬರು, ನೋಡ್ಕೊಳ್ಳಿ), ಅಂದ್ರೆ 3200 ಸಲ ಮಿನುಗಿದ್ರೆ ಒಂದು ಯೂನಿಟ್. ಮಕ್ಕಳು ಮೀಟರ್ ಮುಟ್ಟೋದು ಬೇಡ, ದೂರ ನಿಂತು ನೋಡಿದ್ರೆ ಸಾಕು. ಉಳಿದಿದ್ದೆಲ್ಲ ಆಫ್ ಮಾಡಿ 60 ವ್ಯಾಟಿನ ಹಳೇ ಬಲ್ಬ್ ಒಂದೇ ಹಾಕಿ, ಸುಮಾರು 19 ಸೆಕೆಂಡಿಗೊಂದು ಸಲ ಮಿನುಗುತ್ತೆ. ಅದನ್ನ ತೆಗೆದು 9 ವ್ಯಾಟಿನ ಎಲ್ಇಡಿ ಹಾಕಿದ್ರೆ ಎರಡು ನಿಮಿಷ ಕಾದ್ರೂ ಏನೂ ಇಲ್ಲ, ನಮ್ಮ ಕ್ಲಾಸಲ್ಲಿ ಒಬ್ಳು "ಸಾರ್ ಮೀಟರ್ ಕೆಟ್ಟೋಯ್ತು" ಅಂದ್ಲು, ಅವಳು ಹೇಳಿ ಮುಗಿಸೋದ್ರೊಳಗೆ ಲೈಟು ಒಂದ್ಸಲ ಮಿಣಕ್ ಅಂತು, ಇಡೀ ಕ್ಲಾಸ್ ಕೂಗ್ತು. ಬೆಳಕು ಹತ್ತತ್ರ ಅಷ್ಟೇ, ಖರ್ಚು ಮಾತ್ರ ಏಳನೇ ಒಂದು ಭಾಗ ಅನ್ನೋದನ್ನ ಆಮೇಲೆ ಬೋರ್ಡ್ ಮೇಲೆ ಬರೆಯೋದೇ ಬೇಕಾಗ್ಲಿಲ್ಲ. ಗೃಹಜ್ಯೋತಿ ಬಂದ ಮೇಲೆ ತುಂಬಾ ಮನೇಲಿ ಮೀಟರ್ ಕಡೆ ಯಾರೂ ನೋಡಲ್ಲ, ಅದಕ್ಕೇ ಇದು ಇನ್ನೂ ಮುಖ್ಯ ಅನ್ಸುತ್ತೆ ನಂಗೆ. ಇಲ್ಲಿಂದ ಹವಾಮಾನಕ್ಕೆ ದಾರಿ ಸಲೀಸು: ಈ ಕರೆಂಟು ಶರಾವತಿ ನೀರಿಂದ, ಪಾವಗಡದ ಬಿಸಿಲಿಂದ, ರಾಯಚೂರಲ್ಲಿ ಸುಡೋ ಕಲ್ಲಿದ್ದಲಿಂದ ಎಲ್ಲ ಸೇರಿ ಬರುತ್ತೆ, ಕಲ್ಲಿದ್ದಲಿನ ಒಂದು ಯೂನಿಟ್ಟಿಗೆ ಹತ್ತಿರ ಹತ್ತಿರ ಒಂದು ಕೆಜಿ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತೆ.

ಬೇಸಿಗೇಲಾದ್ರೆ ಯಾವ ಬಣ್ಣ ಬಿಸಿಲಿನ ಕಾವನ್ನ ಜಾಸ್ತಿ ಹೀರ್ಕೊಳ್ಳುತ್ತೆ ಅಂತ ನೋಡೋಕೆ ಒಂದೇ ಥರದ ಎರಡು ಡಬ್ಬ ತಗೊಳ್ಳಿ, ಒಂದಕ್ಕೆ ಪಾತ್ರೆ ಮಸಿ, ಇನ್ನೊಂದಕ್ಕೆ ಸುಣ್ಣ ಬಳಿದು, ಸಮ ನೀರು ಹಾಕಿ ಮುಚ್ಚಿ ಬಿಸಿಲಿಗಿಡಿ, ಹತ್ತು ನಿಮಿಷಕ್ಕೊಂದ್ಸಲ ಅಳೀರಿ. ಜ್ವರದ ಥರ್ಮಾಮೀಟರ್ ಬೇಡ, ಅದು 42 ಡಿಗ್ರಿಗೇ ನಿಂತೋಗುತ್ತೆ.

ಒಂದು ಮಾತ್ರ ಮಾಡಿಸ್ಬೇಡಿ, ಅಡುಗೆ ಸೋಡಾಗೆ ವಿನೆಗರ್ ಹಾಕಿ ಕಾರ್ಬನ್ ಡೈಆಕ್ಸೈಡ್ ತುಂಬಿದ ಬಾಟಲಿ ಬಿಸಿಲಲ್ಲಿ ಬರೀ ಗಾಳಿ ಇರೋ ಬಾಟಲಿಗಿಂತ ಜಾಸ್ತಿ ಬಿಸಿಯಾಗುತ್ತೆ ಅಂತ ತೋರಿಸೋದು. ಬಿಸಿ ಆಗುತ್ತೆ, ನಿಜ, ಆದ್ರೆ ಮುಖ್ಯ ಕಾರಣ ಆ ಅನಿಲ ಗಾಳಿಗಿಂತ ಭಾರ, ಬಿಸಿಯಾದ್ರೂ ಮೇಲೇಳದೆ ಅಲ್ಲೇ ಕೂತ್ಕೊಳ್ಳುತ್ತೆ. ಹಸಿರುಮನೆ ಅನಿಲವೇ (ಅಂದ್ರೆ ಭೂಮಿಯ ಕಾವನ್ನ ಹಿಡಿದಿಡೋ ಅನಿಲ) ಅಲ್ಲದ ಆರ್ಗಾನ್ ತುಂಬಿದ್ರೂ ಹಾಗೇ ಆಗುತ್ತೆ. ಮಕ್ಕಳಿಗೆ ಸುಳ್ಳು ಕಾರಣ ಕೊಟ್ಟಂಗಾಗುತ್ತೆ.

ಅದ್ರ ಬದಲು ಚಳಿಗಾಲದಲ್ಲಿ ಒಂದು ತಿಂಗಳು ಬೆಳಿಗ್ಗೆ ಆರು ಗಂಟೆ ಟೆಂಪರೇಚರ್ ಬರೆಸಿ, ಪಕ್ಕದಲ್ಲಿ ರಾತ್ರಿ ಮೋಡ ಇತ್ತಾ ತಿಳಿಯಾಗಿತ್ತಾ ಅಂತ ಇನ್ನೊಂದು ಕಾಲಂ. ಮೋಡ ಕವಿದ ರಾತ್ರಿ ಚಳಿ ಕಮ್ಮಿ, ಯಾಕಂದ್ರೆ ನೆಲದಿಂದ ಹೊರಟ ಕಾವನ್ನ ಮೋಡ ಹೀರ್ಕೊಂಡು ಸ್ವಲ್ಪ ವಾಪಸ್ ಕಳಿಸುತ್ತೆ, ಹಸಿರುಮನೆ ಅನಿಲಗಳ ಕೆಲಸನೂ ಅದೇ ಥರದ್ದು. ಗಾಳಿ ಜೋರಿದ್ದ ದಿನ ಲೆಕ್ಕ ತಪ್ಪುತ್ತೆ, ಆ ನಂಬರನ್ನೂ ಹಾಗೇ ಬರೆಸಿ, ರಬ್ಬರ್ ತಗೊಂಡು ಅಳಿಸೋಕೆ ಬಿಡ್ಬೇಡಿ.